ಮೈದುನನ ಬ್ರೌಸರ್ ಸ್ವಯಂವರ

ನನ್ನ ಮೈದುನನಿಗೆ ಕೂಡಿಬರಲಿದ್ದ ಒಂದು ಒಳ್ಳೆಯ ಸಂಬಂಧವನ್ನು ತಪ್ಪಿಸಿದ್ದು ಜಾತಕವಲ್ಲ, ಸಂಬಳವಲ್ಲ, ಅವನ ನೆತ್ತಿಯಲ್ಲಿ ಈಚೆಗೆ ಹರಡಿಕೊಳ್ಳುತ್ತಿರುವ ಪುಟ್ಟ ಬಯಲೂ ಅಲ್ಲ. ಒಂದು ಬ್ರೌಸರು! ಬ್ರೌಸರೆಂದರೆ ಇಂಟರ್‌ನೆಟ್ಟಿನ ಪುಟಗಳನ್ನು ತೆರೆದು ತೋರಿಸುವ, ಕಂಪ್ಯೂಟರಿನೊಳಗಿನ ಕಿಟಕಿ. ಕಿಟಕಿಯ ದೆಸೆಯಿಂದ ಮದುವೆ ಕೂಡಿಬಂದದ್ದನ್ನು ನೀವೆಲ್ಲ ಕೇಳಿಯೇ ಇರುತ್ತೀರಿ. ತಪ್ಪಿಹೋದದ್ದನ್ನು ಕೇಳಿದ್ದೀರಾ?

ಹೆಸರು ಬೇಡ, ಅವನು ಇದನ್ನು ಓದುತ್ತಾನೆ. ದಿಲ್ಲಿಯ ಮಯೂರ್ ವಿಹಾರದ ನಮ್ಮ ಫ್ಲ್ಯಾಟಿನಲ್ಲಿ ನಾನು, ನಮ್ಮವರು, ಮಗಳು ಪುಟ್ಟಿ ಮತ್ತು ಅತ್ತೆಯ ಜೊತೆಗೆ ಅವನೂ ಇದ್ದಾನೆ. ಬೆಳಿಗ್ಗೆ ಬಸ್ಸು ಬದಲಿಸಿಕೊಂಡು ಮುಖರ್ಜಿ ನಗರಕ್ಕೆ ಹೋಗಿ, ಅಲ್ಲಿನ ಒಂದು ಕೋಚಿಂಗ್ ಸೆಂಟರಿನಲ್ಲಿ ಬ್ಯಾಂಕ್ ಪರೀಕ್ಷೆಗೆ ಕೂರುವವರಿಗೆ ಲೆಕ್ಕ ಹೇಳಿಕೊಡುತ್ತಾನೆ. ಪ್ರಶ್ನೆಯ ಕೆಳಗೆ ನಾಲ್ಕು ಉತ್ತರ ಕೊಟ್ಟು ಒಂದಕ್ಕೆ ಗುರುತು ಹಾಕಿಸುತ್ತಾರಲ್ಲ, ಅಂಥ ಪರೀಕ್ಷೆ. ವರ್ಷಗಟ್ಟಲೆ ಅದನ್ನೇ ಹೇಳಿಕೊಟ್ಟು ಅವನ ತಲೆಯೊಳಗೂ ನಾಲ್ಕು ಖಾನೆಗಳಾಗಿಬಿಟ್ಟಿವೆ. ಊಟಕ್ಕೆ ಕೂತಾಗ, ಸಾರಿಗೆ ಉಪ್ಪು ಸರಿಯಾಗಿದೆಯೇನಪ್ಪಾ ಎಂದು ಕೇಳಿ ನೋಡಿ.

"ಎ, ಸರಿಯಾಗಿದೆ. ಬಿ, ಕಮ್ಮಿ. ಸಿ, ಜಾಸ್ತಿ. ಡಿ, ಇವು ಯಾವುದೂ ಅಲ್ಲ. ಉತ್ತರ ಡಿ, ಅತ್ತಿಗೆ."

"ಯಾವುದೂ ಅಲ್ಲ ಅಂದ್ರೇನು?"

"ನೀವು ಹಾಕೇ ಇಲ್ಲ."

ಇಂಥವನಿಗೆ ಲಿನಕ್ಸ್ ಹುಚ್ಚು ಹಿಡಿದರೆ ಹೇಗಿರಬೇಡ! ಲಿನಕ್ಸ್ ಎಂದರೆ ಕಂಪ್ಯೂಟರನ್ನು ನಡೆಸುವ ತಂತ್ರಾಂಶ. ಪುಕ್ಕಟೆ ಸಿಗುತ್ತದೆ. ಯಾರು ಬೇಕಾದರೂ ಅದಕ್ಕೆ ತಮಗೆ ಬೇಕಾದ್ದನ್ನು ಸೇರಿಸಿ, ತಮ್ಮದೇ ಒಂದು ಕಟ್ಟು ಕಟ್ಟಿ ಹಂಚಬಹುದಂತೆ. ಆ ಕಟ್ಟಿಗೆ ಡಿಸ್ಟ್ರಿಬ್ಯೂಷನ್ ಎಂದು ಹೆಸರು. ನನ್ನ ಮೈದುನನೂ ಅವನಂಥವರೇ ಕೆಲವರೂ ಸೇರಿ ಕನ್ನಡಕ್ಕೆಂದೇ ಒಂದು ಕಟ್ಟು ಮಾಡಲು ಹೊರಟಿದ್ದರು. ಸೈನ್ಯದಲ್ಲಿ ವೈರ್‌ಲೆಸ್ ವಿಭಾಗದಲ್ಲಿದ್ದು ನಿವೃತ್ತರಾದ ಕೊಡಗಿನ ಮೇಜರ್ ಒಬ್ಬರು, ನೋಯ್ಡಾದ ಆಫೀಸುಗಳಲ್ಲಿ ಕೆಲಸಕ್ಕಿದ್ದ ಇಬ್ಬರು ಹುಡುಗರು, ಮತ್ತು ಯಾರೂ ಇದುವರೆಗೆ ಮುಖ ನೋಡಿರದ ಮೈಸೂರಿನ ಒಬ್ಬರು. ನವೆಂಬರಿನ ರಾಜ್ಯೋತ್ಸವದ ದಿನ ದಿಲ್ಲಿಯ ಕನ್ನಡಿಗರಿಗೆಲ್ಲ ಅದರ ಸಿ.ಡಿ. ಹಂಚಬೇಕೆಂಬುದು ಇವರ ಸಂಕಲ್ಪ. ಮೆನುಗಳೆಲ್ಲ ಕನ್ನಡಕ್ಕೆ ಬಂದಿದ್ದವು. ಪರದೆಯ ಬಣ್ಣ, ಗಡಿಯಾರದ ಆಕಾರ, ಕಸದ ಬುಟ್ಟಿಯ ಚಿತ್ರ ಎಲ್ಲವೂ ತೀರ್ಮಾನವಾಗಿದ್ದವು. ಉಳಿದದ್ದು ಒಂದೇ, ಡೀಫಾಲ್ಟ್ ಬ್ರೌಸರು ಯಾವುದು?

ನಾನು ಕಾನ್ವೆಂಟಿನಲ್ಲಿ ಓದಿದವಳು. ನಮ್ಮ ಸಿಸ್ಟರು ಪ್ರಾರ್ಥನೆಯ ಹೊತ್ತಿನಲ್ಲಿ ಶೂಸಿಗೆ ಪಾಲಿಷ್ ಹಾಕದವರನ್ನು ಡಿಫಾಲ್ಟರ್ಸ್ ಎಂದು ಕರೆದು ವರಾಂಡದಲ್ಲಿ ಸಾಲಾಗಿ ನಿಲ್ಲಿಸುತ್ತಿದ್ದರು. ಹೀಗಾಗಿ ಡೀಫಾಲ್ಟ್ ಬ್ರೌಸರು ಎಂದ ಕೂಡಲೇ ನನಗೆ ಕಂಡದ್ದು, ಮಣ್ಣಾದ ಶೂಸು ತೊಟ್ಟು ತಲೆ ತಗ್ಗಿಸಿ ಹೊರಗೆ ನಿಂತಿರುವ ಒಂದು ಬ್ರೌಸರು. ಪಾಪ, ಅದನ್ನು ಆರಿಸುವುದಕ್ಕೆ ಇಷ್ಟೊಂದು ಜಗಳವೇಕೆ ಎಂದು ಕೇಳಿದೆ.

ಮೈದುನ ಹಣೆ ಹಿಸುಕಿಕೊಂಡ. "ಅದಲ್ಲ ಅತ್ತಿಗೆ. ಎಲೆ ಹಾಕಿದ ತಕ್ಷಣ, ಯಾರೂ ಕೇಳದೇನೇ ಮೂಲೇಲಿ ಚಿಟಿಕೆ ಉಪ್ಪು ಬಡಿಸ್ತಾರಲ್ಲ, ಅದು ಡೀಫಾಲ್ಟ್. ಬೇಕಾ ಬೇಡ್ವಾ ಅಂತ ಯಾರನ್ನೂ ಕೇಳಲ್ಲ."

ನನಗೆ ಚೆನ್ನಾಗಿ ಅರ್ಥವಾಯಿತು. ಅರ್ಥವಾಗದಂತೆ ಮಾಡುವ ಕೆಲಸವನ್ನು ಆಮೇಲೆ ಮೈಸೂರಿನವರು ಮಾಡಿದರು. ಅವರು ಅದಕ್ಕೆ ಕನ್ನಡ ಹುಡುಕಿ, ಪೂರ್ವನಿಯೋಜಿತ ಜಾಲವೀಕ್ಷಕ ಎಂದು ಬರೆದು ಕಳಿಸಿದ್ದರು. ಮೈದುನ ಅದನ್ನು ಗಟ್ಟಿಯಾಗಿ ಓದಿಕೊಳ್ಳುತ್ತಿದ್ದಾಗ, ಬಾಲ್ಕನಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದ ಅತ್ತೆ ಕತ್ತೆತ್ತಿದರು.

"ಪೂರ್ವನಿಯೋಜಿತ ಅಂದ್ರೆ ಹಣೇಬರಹ ಅಲ್ವೇನೋ?"

"ಹೆಚ್ಚುಕಡಿಮೆ ಅದೇ ಅಮ್ಮ. ಆದ್ರೆ ಇದನ್ನ ಬದಲಾಯಿಸ್ಕೋಬಹುದು."

"ಬದಲಾಯಿಸ್ಕೊಳ್ಳೋ ಹಾಗಿದ್ರೆ ಅದೆಂಥಾ ಹಣೇಬರಹ," ಎಂದು ಅತ್ತೆ ಮತ್ತೆ ಅವರೆಕಾಯಿಗೆ ಮರಳಿದರು.

ಸ್ವಯಂವರಕ್ಕೆ ಬಂದ ಅಭ್ಯರ್ಥಿಗಳೂ ನಾಲ್ಕೇ ಇದ್ದದ್ದು ಮೈದುನನ ಪುಣ್ಯ. ಐದಿದ್ದಿದ್ದರೆ ಅವನ ಗತಿಯೇನು? ನಿಜವಾದ ಹೆಸರುಗಳು ನನಗೆ ಬಾಯಿಗೆ ಬಾರದ್ದರಿಂದ ಎ, ಬಿ, ಸಿ, ಡಿ ಎಂದೇ ಇಟ್ಟುಕೊಳ್ಳೋಣ. 'ಎ' ಭಾರೀ ಗಾತ್ರದ್ದು. ಎಲ್ಲ ಕೆಲಸವೂ ಬರುತ್ತದೆ, ಆದರೆ ಕರೆದರೆ ಸೆರಗು ಸರಿಪಡಿಸಿಕೊಂಡು, ಉಸ್ಸೆಂದು ಮೊಣಕಾಲು ಹಿಡಿದು ಏಳುವಷ್ಟರಲ್ಲಿ ಬಂದ ನೆಂಟರು ಹೊರಟಿರುತ್ತಾರೆ. 'ಬಿ' ಸಣಕಲು, ಚಿಟಿಕೆ ಹೊಡೆದರೆ ಎದುರಿಗೆ. 'ಸಿ'ಗೆ ಅಲಂಕಾರ ಹೆಚ್ಚು. 'ಡಿ' ಸನ್ಯಾಸಿ, ಚಿತ್ರಗಳನ್ನು ತೋರಿಸುವುದೇ ಇಲ್ಲ, ಬರೀ ಅಕ್ಷರ. ಅದರ ಪರವಾಗಿ ಇದ್ದವರು ಮೇಜರ್ ಒಬ್ಬರೇ. ಹಿಮದಲ್ಲಿ ಬಂಕರಿನಲ್ಲಿ ಕೂತಿರುವ ಜವಾನನಿಗೆ ಚಿತ್ರ ಯಾತಕ್ಕೆ ಎಂದು ಅವರು ಕೇಳುತ್ತಿದ್ದರಂತೆ. ಮಯೂರ್ ವಿಹಾರದಲ್ಲಿ ಬಂಕರುಗಳಿಲ್ಲವೆಂದು ಅವರಿಗೆ ಮನದಟ್ಟು ಮಾಡಲು ಒಂದಿಡೀ ಭಾನುವಾರ ಹಿಡಿಯಿತು.

ಪರೀಕ್ಷೆ ನಡೆಯುತ್ತಿದ್ದದ್ದು ನಮ್ಮ ಹಾಲಿನ ಮೂಲೆಯ ಹಳೆಯ ಕಂಪ್ಯೂಟರಿನಲ್ಲಿ. ನಾನು ಅದಕ್ಕೆ ಕ್ರಾಸ್ ಸ್ಟಿಚ್ಚಿನಲ್ಲಿ ಗುಲಾಬಿ ಹಾಕಿದ ಮುಸುಕು ಹೊದಿಸಿಟ್ಟಿರುತ್ತಿದ್ದೆ. ಮೈದುನ ಅದನ್ನು ತೆಗೆಯುವ ರೀತಿಯಲ್ಲೇ ಆ ದಿನ ಯಾವ ಬ್ರೌಸರಿನ ಸರದಿಯೆಂದು ನನಗೆ ತಿಳಿಯುತ್ತಿತ್ತು. 'ಬಿ' ಆದರೆ ಸರಕ್ಕನೆ ಎಳೆದು ಕುರ್ಚಿಯ ಮೇಲೆ ಎಸೆಯುವನು. 'ಎ' ಆದರೆ ನಿಧಾನವಾಗಿ ಮಡಿಸುವನು, ಹೇಗೂ ಹೊತ್ತಿದೆಯಲ್ಲ! ವೇಗ ಅಳೆಯುವುದು ನನ್ನ ಪ್ರೆಷರ್ ಕುಕ್ಕರಿನಿಂದ. "ಅತ್ತಿಗೆ, ಸೀಟಿ ಬಂದಾಗ ಹೇಳಿ" ಎನ್ನುವನು. 'ಎ' ಏಳುವಷ್ಟರಲ್ಲಿ ಬೇಳೆ ಬೆಂದಿರುತ್ತಿತ್ತು. ಅವನ ಮನಸ್ಸು ಮೊದಲಿನಿಂದಲೂ 'ಬಿ' ಕಡೆಗೇ. ಫೋನಿನಲ್ಲಿ ಅದರ ಪರ ವಾದಿಸುವಾಗ ನಮ್ಮವರು ಟೀವಿಯ ಸದ್ದು ಏರಿಸಿಕೊಳ್ಳಬೇಕಾಗುತ್ತಿತ್ತು.

ಇದರ ನಡುವೆಯೇ ಹೆಣ್ಣು ನೋಡಲು ಹೋದದ್ದು. ಗ್ರೇಟರ್ ನೋಯ್ಡಾದಲ್ಲಿದ್ದ ನಮ್ಮ ಕಡೆಯವರೇ. ಹುಡುಗಿ ಅಲ್ಲಿನ ಕಾಲೇಜೊಂದರಲ್ಲಿ ಪಾಠ ಹೇಳುತ್ತಿದ್ದಳು. ತಿಳಿಹಸಿರು ಸೀರೆ, ಕೈಗೆ ಒಂದೇ ಬಳೆ, ಉಪ್ಪಿಟ್ಟಿನ ತಟ್ಟೆ ಕೊಡುವಾಗ ಚಮಚದ ಹಿಡಿಯನ್ನು ಎಲ್ಲರ ಬಲಗೈ ಕಡೆಗೆ ತಿರುಗಿಸಿಟ್ಟಿದ್ದಳು. ನನಗಂತೂ ಅಲ್ಲೇ ಇಷ್ಟವಾಗಿಹೋದಳು. ಇಬ್ಬರೂ ಮಾತಾಡಿಕೊಳ್ಳಲಿ ಎಂದು ಹಿರಿಯರು ಬಾಲ್ಕನಿಗೆ ಕಳಿಸಿದರು. ನಾವೆಲ್ಲ ಒಳಗೆ ಕೂತು, ಕಿವಿಯನ್ನು ಮಾತ್ರ ಬಾಲ್ಕನಿಯಲ್ಲಿ ಬಿಟ್ಟಿದ್ದೆವು.

"ನೀವು ಯಾವ ಬ್ರೌಸರ್ ಉಪಯೋಗಿಸ್ತೀರಿ?"

"ಕಂಪ್ಯೂಟರಲ್ಲಿ ಯಾವುದಿರುತ್ತೋ ಅದು."

"ಬೇರೇದು ಹಾಕ್ಕೊಳ್ಳಬೇಕು ಅಂತ ಅನ್ಸಿಲ್ವಾ?"

"ಬೇರೇದು ಇರತ್ತೆ ಅಂತ್ಲೇ ಗೊತ್ತಿರ್ಲಿಲ್ಲ."

ಅಷ್ಟೇ! ವಾಪಸ್ಸು ಬರುವಾಗ ಕಾರಿನಲ್ಲಿ ಅತ್ತೆ ಹುಡುಗಿ ಹೇಗೆಂದು ಕೇಳಿದರೆ, ಅವಳಿಂದ ಬಹಳ ಮುಖ್ಯವಾದ ಒಂದು ವಿಷಯ ಗೊತ್ತಾಯಿತು, ಜನ ಆರಿಸಿಕೊಳ್ಳುವುದೇ ಇಲ್ಲ, ಎಂದ. ಆಮೇಲೆ ನೋಯ್ಡಾ ದಾಟುವವರೆಗೆ ಕಿಟಕಿಯಾಚೆ ನೋಡುತ್ತ ಕೂತ. ಮೂರನೆಯ ದಿನ ಅವರ ಮನೆಯಿಂದ ಫೋನು ಬಂತು. ಹುಡುಗಿಯ ಅಜ್ಜಿ ಒಪ್ಪಲಿಲ್ಲವಂತೆ. ಹುಡುಗನ ಮನಸ್ಸು ಆಗಲೇ ಬೇರೆ ಕಡೆ ಇದೆ, ಯಾವಳೋ ಬ್ರೌಸರ್ ಎಂಬವಳಂತೆ, ನೋಡಲು ಬಂದಲ್ಲೂ ಅವಳದೇ ಮಾತು, ಹೆಸರು ಕೇಳಿದರೆ ನಮ್ಮವಳ ಹಾಗೂ ಇಲ್ಲ ಎಂದರಂತೆ!

ಮದುವೆ ಮುರಿದದ್ದಕ್ಕೆ ಅವನಿಗೆ ಅಷ್ಟೇನೂ ಬೇಸರವಾಗಲಿಲ್ಲ. ಬೇಸರವಾದದ್ದು ಗುಂಪು ಮುರಿಯುವ ಸೂಚನೆ ಕಂಡಾಗ. ನೋಯ್ಡಾದ ಹುಡುಗರಲ್ಲಿ ಒಬ್ಬ 'ಎ' ಎಂದ, ಇನ್ನೊಬ್ಬ 'ಬಿ' ಎಂದ. ಬಂಕರಿನಿಂದ ಇಳಿದು ಬಂದ ಮೇಜರ್ 'ಎ' ಕಡೆಗೆ ಹೋದರು, ಮೈಸೂರಿನವರು 'ಬಿ' ಕಡೆಗೆ. ಸಮ ಸಮ. ಉಳಿದದ್ದು ಮೈದುನನ ವೋಟು. ಯಾವ ಕಡೆ ಸೋತರೂ ನಾವು ಹೊರಟೆವು ಎಂದು ಎರಡೂ ಕಡೆಯವರು ಬರೆದರು. ರಾಜ್ಯೋತ್ಸವ ಹತ್ತಿರ ಬಂದಿತ್ತು. ನೆಹರೂ ಪ್ಲೇಸಿನಲ್ಲಿ ಸಿ.ಡಿ. ಪ್ರತಿ ಮಾಡಿಕೊಡುವ ಅಂಗಡಿಯ ಭಯ್ಯಾ ಸೋಮವಾರದೊಳಗೆ ಕೊಡದಿದ್ದರೆ ದೀಪಾವಳಿ ಗಿರಾಕಿಗಳು ಕಾದಿದ್ದಾರೆ ಎಂದಿದ್ದ. ವರ್ಷದ ಶ್ರಮ ಇವನೊಬ್ಬನ ಗುರುತಿಗಾಗಿ ನಿಂತಿತ್ತು. 'ಬಿ' ಎಂದುಬಿಡುವುದಲ್ಲವೇ, ನಿನಗೆ ಇಷ್ಟವಾದದ್ದು ಅದೇ ತಾನೆ, ಎಂದೆ. ತನಗೆ ಇಷ್ಟ ಎಂಬುದು ಉತ್ತರವಲ್ಲ ಅತ್ತಿಗೆ, ಎಂದ. ಆ ವಾರ ಅವನು ಸಾರಿನ ಉಪ್ಪಿನ ವಿಷಯದಲ್ಲೂ ಆಯ್ಕೆ ಕೊಡಲಿಲ್ಲ. ಸುಮ್ಮನೆ ಉಂಡೆದ್ದ.

ಈಗ ಅತ್ತೆಯ ವಿಷಯ ಸ್ವಲ್ಪ ಹೇಳಬೇಕು. ಅತ್ತೆಗೆ ಓದುವುದೆಂದರೆ ಪ್ರಾಣ, ಕನ್ನಡ ಬಿಟ್ಟರೆ ಬೇರೆ ಓದು ಬಾರದು. ದಿಲ್ಲಿಯಲ್ಲಿ ಕನ್ನಡ ಅಕ್ಷರ ಎಷ್ಟು ಸಿಗುತ್ತದೆ? ಪೇಪರು ಒಂದು ದಿನ ತಡವಾಗಿ ಬರುವುದು, ಕೆಲವೊಮ್ಮೆ ಬಾರದಿರುವುದು. ಊರಿಂದ ಬಂದವರು ಹುರಿಗಡಲೆ ತಂದುಕೊಟ್ಟರೆ, ಅತ್ತೆ ಡಬ್ಬಕ್ಕೆ ಸುರಿದಾದ ಮೇಲೆ ಖಾಲಿ ಪೊಟ್ಟಣವನ್ನು ನೇವರಿಸಿ, ಅದರ ಮೇಲೆ ಅಚ್ಚಾದ ಅಂಗಡಿಯ ವಿಳಾಸವನ್ನು ಓದುವರು. ತಿರುಗಿಸಿ ಮತ್ತೆ ಓದುವರು. ನಾನು ನೋಡಿದ್ದೆ. ಮೈದುನ ನೋಡಿದ್ದಾನೆಂದು ನನಗೆ ಗೊತ್ತಿರಲಿಲ್ಲ.

ಭಾನುವಾರ ಮಧ್ಯಾಹ್ನ ಅವನು ಮುಸುಕು ತೆಗೆದು, "ಅಮ್ಮ, ಇಲ್ಲಿ ಕೂತ್ಕೊ. ಒಂದು ಅಡುಗೆ ಓದು" ಎಂದ. ಅತ್ತೆ ಕೈ ಒರೆಸಿಕೊಂಡು, ಸೆರಗು ಸುತ್ತಿ, ಬ್ಯಾಂಕಿನಲ್ಲಿ ಮ್ಯಾನೇಜರ ಎದುರು ಕೂರುವ ಹಾಗೆ ಕುರ್ಚಿಯ ತುದಿಯಲ್ಲಿ ಕೂತರು. 'ಬಿ' ತಕ್ಷಣ ತೆರೆದುಕೊಂಡಿತು. ನಿಂಬೆಕಾಯಿ ಗೊಜ್ಜು. ಅತ್ತೆಗೆ ಪರದೆಯ ತುಂಬ ಕನ್ನಡ ಕಂಡು ಮುಖ ಅರಳಿತು. ಸರಸರನೆ ಓದಿಕೊಂಡು ಹೋದವರು ಒಂದು ಕಡೆ ನಿಂತರು.

"ಅಧರ ಚಮಚ ಉಪ್ಪು," ಎಂದು ಓದಿದರು. ನನ್ನ ಕಡೆ ತಿರುಗಿ, "ಅಧರ ಅಂದ್ರೆ ತುಟಿ ಅಲ್ವೇನೇ? ತುಟಿಗೆ ಹತ್ತೋ ಅಷ್ಟು ಅಂತಲೋ ಏನೋ. ನಮ್ಮಮ್ಮನೂ ಹಾಗೇ ನೋಡ್ತಿದ್ಲು" ಎಂದರು.

ನಾನು ಬಗ್ಗಿ ನೋಡಿದೆ. ಅರ್ಧ ಎಂದಿರಬೇಕಾದ ಕಡೆ ಅಧರ್ ಎಂದಿತ್ತು. ಅರ್ಕಾವತ್ತು ತನ್ನ ಜಾಗ ಬಿಟ್ಟು, ಬಸ್ಸು ತಪ್ಪಿದವರ ಹಾಗೆ ಹಿಂದೆ ಉಳಿದು ಒಂಟಿಯಾಗಿ ನಿಂತಿತ್ತು. ಕೆಳಗೆ ಕನಾರ್ಟಕ. ಅದರ ಕೆಳಗೆ ಮಾಗರ್. ಅರ್ಕಾವತ್ತು ಇದ್ದಲ್ಲೆಲ್ಲ ಅದೇ ಕಥೆ! ಮೈದುನ ಬಿಳಿಚಿಕೊಂಡು ನಿಂತಿದ್ದ. ಏನಾಗಿತ್ತು ಗೊತ್ತೇ? ಕನ್ನಡದ ಲಿನಕ್ಸಿಗೆ ಬ್ರೌಸರು ಆರಿಸಲು ಹೊರಟ ಈ ಮಹನೀಯರೆಲ್ಲ, ಅಷ್ಟು ತಿಂಗಳು, ಒಬ್ಬೊಬ್ಬರೂ ತಂತಮ್ಮ ಮನೆಯಲ್ಲಿ ಕೂತು ಅದರ ವೇಗ ಪರೀಕ್ಷಿಸಿದ್ದು ಇಂಗ್ಲಿಷಿನ ಕ್ರಿಕೆಟ್ ಸ್ಕೋರು ತೆರೆದು! ಕನ್ನಡದ ಪುಟವೊಂದನ್ನು ತೆರೆದು ಓದಬೇಕೆಂದು ಯಾರಿಗೂ ಹೊಳೆದಿರಲಿಲ್ಲ.

ನನಗೆ ನಗು ತಡೆಯಲಾಗಲಿಲ್ಲ. ಅತ್ತೆ ಮಾತ್ರ ನಗಲಿಲ್ಲ, ದೂರಲೂ ಇಲ್ಲ. ಒಂದೊಂದು ಪದದ ಬಳಿಯೂ ಅರೆಗಳಿಗೆ ನಿಂತು, ತುಟಿಯಲ್ಲೇ ಅಕ್ಷರವನ್ನು ಎತ್ತಿ ಅದರ ಜಾಗದಲ್ಲಿಟ್ಟು, ಮುಂದಿನದನ್ನು ಓದುತ್ತಿದ್ದರು. ಕೊನೆಯವರೆಗೂ ಹಾಗೇ ಓದಿ ಮುಗಿಸಿ ಮಗನ ಕೈ ತಟ್ಟಿದರು.

"ಪಾಪ, ಇದು ದಿಲ್ಲೀಲೇ ಹುಟ್ಟಿದ್ದಲ್ವಾ, ನಮ್ಮ ಪುಟ್ಟಿ ಹಾಗೆ. ಕನ್ನಡ ಇಷ್ಟು ಬಂದಿದ್ದೇ ಹೆಚ್ಚು."

ಪಕ್ಕದಲ್ಲಿದ್ದ ಪುಟ್ಟಿ, ನಾನೇನು ಮಾಡಿದೆ ಎಂದು ಹಿಂದಿಯಲ್ಲೇ ಸಿಡುಕಿ, "ಅಜ್ಜಿ, ಮೈನೇ ಕ್ಯಾ ಕಿಯಾ?" ಎಂದಳು.

'ಬಿ'ಯನ್ನು ಸರಿಮಾಡಬಹುದಲ್ಲ ಎಂದು ಕೇಳಿದೆ. ಮಾಡಬಹುದಂತೆ, ಆದರೆ ರಾಜ್ಯೋತ್ಸವಕ್ಕೆ ಆಗದಂತೆ. ಮೈದುನ 'ಎ'ಯಲ್ಲಿ ಅದೇ ಪುಟ ತೆರೆದ. ತಿಣುಕಿ ತಿಣುಕಿ ಬಂತು. 'ಅರ್ಧ' ಅರ್ಧವಾಗಿಯೇ ಇತ್ತು. ಅವನು ಫೋನು ಎತ್ತಿಕೊಂಡು ಒಬ್ಬೊಬ್ಬರಿಗೂ ಮಾಡಿದ. ಇಷ್ಟು ತಿಂಗಳು 'ಬಿ' ಪರವಾಗಿ ಕೂಗಾಡಿದ ಬಾಯಿಂದಲೇ ತನ್ನ ವೋಟು 'ಎ'ಗೆ ಎಂದ. ಮೈಸೂರಿನವರು ಸಿಟ್ಟಾದದ್ದು ನನಗೆ ಅಡುಗೆಮನೆಯವರೆಗೂ ಕೇಳಿಸಿತು. 'ಎ' ಬಲು ನಿಧಾನ, ಬೈಯುತ್ತಾರೆ ಎಂದರು.

"ಬೈಯೋಕೆ ಗೊತ್ತಿರೋರು ಬದಲಾಯಿಸ್ಕೋತಾರೆ ಸಾರ್," ಎಂದ ಮೈದುನ. ಅವನ ದನಿ ತಗ್ಗಿತ್ತು. "ನಮ್ಮಮ್ಮ ಬದಲಾಯಿಸಲ್ಲ. ಬೇರೇದು ಇದೆ ಅಂತ ಅವಳಿಗೆ ಗೊತ್ತೇ ಆಗಲ್ಲ. ನಾವು ಏನು ಇಟ್ಟಿರ್ತೀವೋ ಅದನ್ನೇ ತಿದ್ಕೊಂಡು ತಿದ್ಕೊಂಡು ಓದ್ತಾಳೆ, ಸಾಯೋವರೆಗೂ. ಡೀಫಾಲ್ಟ್ ಇರೋದು ಅಂಥವರಿಗೆ ಸಾರ್."

ಆಮೇಲೆ ಮೈಸೂರಿನವರು, ನಿಮ್ಮಮ್ಮ ಓದಿದ ಪುಟ ಯಾವುದು, ಕಳಿಸಿ, ನಾನೂ ನಮ್ಮಮ್ಮನಿಗೆ ತೋರಿಸುತ್ತೇನೆ, ಎಂದರಂತೆ. ಯಾರೂ ಹೊರಟುಹೋಗಲಿಲ್ಲ. ಸೋಮವಾರ ಸಿ.ಡಿ. ನೆಹರೂ ಪ್ಲೇಸಿಗೆ ಹೋಯಿತು.

ಈಗ ನಮ್ಮ ಮನೆಯಲ್ಲಿ ಮಧ್ಯಾಹ್ನಗಳು ಹೀಗಿವೆ. ಊಟವಾದ ಮೇಲೆ ಅತ್ತೆ ಗುಲಾಬಿಯ ಮುಸುಕನ್ನು ತಾವೇ ಮಡಿಸಿಟ್ಟು, ಪುಟ್ಟಿ ತೋರಿಸಿಕೊಟ್ಟ ಜಾಗದಲ್ಲಿ ಒತ್ತುತ್ತಾರೆ. ತೊಡೆಯ ಮೇಲೆ ಮೊರವಿಟ್ಟುಕೊಂಡು ಬಟಾಣಿ ಸುಲಿಯುತ್ತ ಕಾಯುತ್ತಾರೆ. ಅವರಿಗೆ ಅವಸರವಿಲ್ಲ. 'ಎ' ಎದ್ದು ಬರುವಷ್ಟರಲ್ಲಿ ಸಂಜೆಯ ಪಲ್ಯಕ್ಕೆ ಸಾಕಾಗುವಷ್ಟು ಕಾಳಾಗಿರುತ್ತದೆ. ಮೊದಲ ದಿನ ಹಾಗೆ ಕೂತು ಅದೇ ಗೊಜ್ಜನ್ನು ಮತ್ತೆ ಓದಿದರು. ಎಲ್ಲಿಯೂ ತಡೆಯಲಿಲ್ಲ, ತುಟಿ ಅಲುಗಲಿಲ್ಲ. ಅರ್ಧ ಚಮಚ ಉಪ್ಪಿನ ಬಳಿ ಬಂದಾಗ ಮಾತ್ರ ಬೆರಳನ್ನು ಪರದೆಗೆ ಮುಟ್ಟಿಸಿ, ಹಿಂದೆ ನಿಂತಿದ್ದ ಮಗನಿಗೆ ಹೇಳಿದರು:

"ನೋಡೋ, ಕಲಿತುಬಿಟ್ಟಿದೆ."

ನಾಲ್ಕು ಉತ್ತರಗಳಿಲ್ಲದೆ ಬಾಯಿ ತೆರೆಯದ ನನ್ನ ಮೈದುನ ಅವರ ತಲೆಯ ಮೇಲೆ ಕೈಯಿಟ್ಟು, "ಹೂಂ ಅಮ್ಮ" ಎಂದ.