ಮಾವನ ಮಾಸ್ಕೋ ಬ್ಯಾಚು

ನನ್ನ ಸೋದರಮಾವನಿಗೆ ತನ್ನ ಫ್ಲ್ಯಾಟಿನ ಎದುರು ಬಾಗಿಲಲ್ಲಿ ಯಾರಿದ್ದಾರೆ ಎಂಬುದು ಇವತ್ತಿಗೂ ಗೊತ್ತಿಲ್ಲ. ಆದರೆ ರಷ್ಯಾದ ಯಾವ ಪತ್ರಕರ್ತ ಯಾವ ಪತ್ರಿಕೆ ಬಿಟ್ಟ, ಯಾವ ಚಾನೆಲ್ ಸೇರಿದ, ಅಲ್ಲಿಂದ ಯಾಕೆ ಹೊರಬಿದ್ದ, ಈಗ ಯಾವ ದೇಶದ ಬಾಡಿಗೆ ಕೋಣೆಯಲ್ಲಿ ಕೂತು ಮೈಕ್ ಹಿಡಿದಿದ್ದಾನೆ ಎಂದು ಕೇಳಿ ನೋಡಿ, ನಿದ್ದೆಗಣ್ಣಲ್ಲೂ ಹೇಳುತ್ತಾರೆ! ಊರಿನ ಹಿರಿಯರು ಯಾರ ಮಗಳನ್ನು ಯಾವ ಮನೆಗೆ ಕೊಟ್ಟದ್ದು ಎಂದು ನೆನಪಿಟ್ಟುಕೊಳ್ಳುವುದಿಲ್ಲವೇ, ಹಾಗೆ. ಕುವೈತಿನ ಫರ್ವಾನಿಯಾದಲ್ಲಿ, ಕೆಳಗೆ ಶವರ್ಮಾ ಅಂಗಡಿ, ಮೇಲೆ ವಿಮಾನದ ಸದ್ದು ಇರುವ ಮನೆಯಲ್ಲಿ ಕೂತು ಇಂಥ ವ್ಯವಹಾರ ಮಾಡುವ ತುಳುವ ಇನ್ನೊಬ್ಬ ಇದ್ದರೆ ನನಗೆ ತಿಳಿಸಿ. ಇಬ್ಬರಿಗೂ ಸೇರಿಸಿ ಶಾಲು ಹೊದಿಸೋಣ.

ಇದಕ್ಕೊಂದು ಹಿನ್ನೆಲೆ ಇದೆ. ಮಾವ ಓದಿದ್ದು ಮಾಸ್ಕೋದಲ್ಲಿ, ಅದೂ ಪತ್ರಿಕೋದ್ಯಮ. ಸೋವಿಯತ್ ಕಾಲದ ಸ್ಕಾಲರ್‌ಶಿಪ್. ಹೋಗುವಾಗ ಇದ್ದ ದೇಶ ಡಿಗ್ರಿ ಕೈಗೆ ಬರುವಷ್ಟರಲ್ಲಿ ಭೂಪಟದಿಂದಲೇ ಮಾಯ! ಮಂಗಳೂರಿಗೆ ಬಂದು ಕೆಲಸ ಕೇಳಿದರೆ ಸಂಪಾದಕರೊಬ್ಬರು ಸರ್ಟಿಫಿಕೇಟನ್ನು ತಿರುಗಿಸಿ ಮುರುಗಿಸಿ ನೋಡಿ, "ಇದು ಬಿಟ್ಟು ಬೇರೆ ಎಂತಾದ್ರೂ ಬರ್ತದಾ?" ಎಂದರಂತೆ. ಅಷ್ಟರಲ್ಲಿ ಯಾರೋ ಕುವೈತಿನ ವೀಸಾ ತಂದುಕೊಟ್ಟರು. ಮಾವ ಹಡಗಿನ ಕಂಪನಿಯೊಂದರಲ್ಲಿ ಸರಕಿನ ಕಾಗದಪತ್ರ ನೋಡುವ ಗುಮಾಸ್ತರಾದರು. ಅಂದಿನಿಂದ ಇಂದಿನವರೆಗೂ ಅದೇ ಕುರ್ಚಿ. ಅವರ ಜೊತೆ ಓದಿದವರು ಮಾತ್ರ ರಷ್ಯಾದಲ್ಲಿ ಹೆಸರಾಂತ ಪತ್ರಕರ್ತರಾದರು.

"ದುಡ್ಡಿಗೆ ಅಂತ ಗಲ್ಫಿಗೆ ಬಂದವ ಅಲ್ಲ ಮಾರಾಯ ನಾನು," ಎನ್ನುತ್ತಾರೆ ಮಾವ. "ಟೈಮಿಗೆ ಅಂತ ಬಂದದ್ದು. ಮಾಸ್ಕೋದ ಗಡಿಯಾರ, ಕುವೈತಿನ ಗಡಿಯಾರ ಎರಡೂ ಒಂದೇ. ಅಲ್ಲಿ ನ್ಯೂಸ್ ಶುರು ಆಗುವಾಗ ಇಲ್ಲಿ ನಾನು ರೆಡಿ!"

"ಹೌದು," ಅಡುಗೆಮನೆಯಿಂದ ಅತ್ತೆಯ ದನಿ. "ಈ ಮನೆಯ ಗಡಿಯಾರ ಮಾತ್ರ ಯಾರಿಗೂ ಬೇಡ. ಗಂಜಿ ತಣಿದು ಕಲ್ಲಾಯ್ತು, ಬನ್ನಿ ಮಾರ್ರೆ!"

(ಇವರು ಮಾತಾಡುವುದು ತುಳು. ನಿಮ್ಮ ಅನುಕೂಲಕ್ಕೆ ಕನ್ನಡ ಮಾಡಿದ್ದೇನೆ. ಅತ್ತೆಯ ತುಳು ಇದಕ್ಕಿಂತ ಖಾರ.)

ಮಾಸ್ಕೋದಿಂದ ಮಾವ ತಂದ ದೊಡ್ಡ ಆಸ್ತಿಯೆಂದರೆ ಒಂದು ನಿಯಮ: ಎರಡು ಮೂಲಗಳಿಂದ ಖಚಿತವಾಗದೆ ಯಾವ ಸುದ್ದಿಯನ್ನೂ ನಂಬಬಾರದು. "ಅಲ್ಲಿ ಆಗ ಒಂದೇ ಮೂಲ ಇದ್ದದ್ದಲ್ವಾ ಮಾವ?" ಎಂದು ನಾನು ಕೆಣಕಿದ್ದೆ. "ಅದಕ್ಕೇ ಮಾರಾಯ ಎರಡನೆಯದರ ಬೆಲೆ ಗೊತ್ತಾದದ್ದು," ಎಂದರು. ಸರಿ, ನಿಯಮ ದೊಡ್ಡದೇ. ಆದರೆ ಅದನ್ನು ಸಾಂಬಾರಿಗೂ ಅನ್ವಯಿಸಬೇಕೇ? ಅತ್ತೆ "ಉಪ್ಪು ಸರಿ ಉಂಟಾ?" ಎಂದು ಕೇಳಿದರೆ ಮಾವ ಒಂದು ತುತ್ತು ತಿಂದು ಸುಮ್ಮನಾಗುತ್ತಾರೆ. ನಾನೂ ತಿಂದು ತಲೆಯಾಡಿಸಿದ ಮೇಲೆಯೇ ಘೋಷಣೆ: "ಉಪ್ಪು ಕಡಿಮೆ. ಖಚಿತವಾಗಿದೆ."

ಆಫೀಸಿನಲ್ಲೂ ಇದೇ ಕಥೆ. ಒಮ್ಮೆ ನೀರುಳ್ಳಿ ತುಂಬಿದ ಕಂಟೇನರ್ ಬರುವುದು ತಡವಾಯಿತು. ಮುದೀರ್, ಅಂದರೆ ಅವರ ಮ್ಯಾನೇಜರ್, ಎರಡು ಸಾಲಿನ ವರದಿ ಕೇಳಿದರು. ಮಾವ ಬರೆದದ್ದು ಹೀಗೆ: 'ಹಡಗು ಇನ್ನೂ ಬಂದಿಲ್ಲವೆಂದು ಹೆಸರು ಹೇಳಲಿಚ್ಛಿಸದ ಮೂಲಗಳು ತಿಳಿಸಿವೆ. ಕ್ಯಾಪ್ಟನ್ ಪ್ರತಿಕ್ರಿಯೆಗೆ ಲಭ್ಯರಾಗಲಿಲ್ಲ.' ಮುದೀರ್ ಓದಿ, ಕಾಗದ ಮಡಚಿ, "ಖಲಾಸ್! ನೀನು ಮಾತಾಡಬೇಡ, ನೀರುಳ್ಳಿ ತಾ," ಎಂದರಂತೆ.

ನಗಬೇಡಿ, ಈ ನಿಯಮದಿಂದ ಒಂದು ಜೀವವೂ ಉಳಿದಿದೆ! ಊರಿನಲ್ಲಿ ನಮ್ಮ ದೊಡ್ಡಜ್ಜ ತೀರಿಕೊಂಡರೆಂದು ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ಸುದ್ದಿ ಬಂತು. ದುಬೈಯಿಂದ, ಮಸ್ಕತ್‌ನಿಂದ, ಮುಂಬೈಯಿಂದ 'ಓಂ ಶಾಂತಿ'ಗಳ ಸುರಿಮಳೆ. ನಾನೂ ಮುಗಿದ ಕೈಗಳ ಚಿತ್ರ ಹಾಕಿಬಿಟ್ಟೆ. ಮಾವ ಮಾತ್ರ ಹಾಕಲಿಲ್ಲ. ನೇರವಾಗಿ ದೊಡ್ಡಜ್ಜನ ಮೊಬೈಲಿಗೇ ಫೋನು ಮಾಡಿದರು. ಅಜ್ಜ ಎತ್ತಿದರು! ಮರುಕ್ಷಣ ಗುಂಪಿನಲ್ಲಿ ಮಾವನ ಪ್ರಕಟಣೆ: 'ಮೃತರು ಸುದ್ದಿಯನ್ನು ಅಲ್ಲಗಳೆದಿದ್ದಾರೆ.'

ಶುಕ್ರವಾರ ಬಂತೆಂದರೆ ನಾನು ಕುವೈತಿನದೇ ಇನ್ನೊಂದು ಮೂಲೆಯ ಮಹಬೂಲಾದಿಂದ ಹೆಂಡತಿ, ಮಗಳೊಂದಿಗೆ ಅವರ ಮನೆಗೆ ಊಟಕ್ಕೆ ಹೋಗುತ್ತೇನೆ. ಊಟದ ನಂತರ ಗೋಡೆಯ ಮೇಲಿನ ಬ್ಯಾಚ್ ಫೋಟೋದ ಪಾರಾಯಣ. ಟೈ ಕಟ್ಟಿದವನು ಈಗ ಸರ್ಕಾರಿ ಟಿವಿಯಲ್ಲಿ ಮೇಜು ಗುದ್ದುತ್ತಾನೆ. "ಪಾಪ, ಹುಡುಗ ಆಗಿದ್ದಾಗ ಒಳ್ಳೆ ಕವಿತೆ ಓದ್ತಿದ್ದ," ಎಂದು ಮಾವನ ನಿಟ್ಟುಸಿರು. ಗಡ್ಡದವನು ಪತ್ರಿಕೆ ಕಟ್ಟಿದ, ಅದು ಮುಚ್ಚಿತು, ಈಗ ಪರದೇಶದಲ್ಲಿ ಕೂತು ಯೂಟ್ಯೂಬಿನಲ್ಲಿ ಮಾತಾಡುತ್ತಾನೆ. ಮೂಲೆಯಲ್ಲಿ ನಿಂತವನು ಮೀನು ಹಿಡಿಯುವವರ ಮಾಸಪತ್ರಿಕೆಗೆ ಸಂಪಾದಕ. "ಅವನೊಬ್ಬ ನೆಮ್ಮದಿಯಲ್ಲಿದ್ದಾನೆ. ಮೀನು ಕೇಸು ಹಾಕುದಿಲ್ಲ ನೋಡು."

ಮಾವನ ಪಕ್ಕದಲ್ಲಿ ನಗುತ್ತಾ ನಿಂತವಳು ಲಾರಿಸಾ. ಮೊದಲ ಚಳಿಗಾಲದಲ್ಲಿ, ಮುಂಬೈ ಫುಟ್‌ಪಾತಿನಲ್ಲಿ ಕೊಂಡ ತೆಳು ಸ್ವೆಟರಿನಲ್ಲಿ ನಡುಗುತ್ತಿದ್ದ ಮಾವನಿಗೆ ತನ್ನ ಮಫ್ಲರ್ ಬಿಚ್ಚಿಕೊಟ್ಟವಳು. ಈ ವಿವರವನ್ನು ಮಾವ ಮದುವೆಯಾದ ಹೊಸದರಲ್ಲೇ ಅತ್ತೆಗೆ ಹೇಳಿದರಂತೆ! ಎಂಥ ಪತ್ರಕರ್ತ ನೋಡಿ, ಯಾವ ಸುದ್ದಿಯನ್ನು ತಡೆಹಿಡಿಯಬೇಕೆಂದು ಗೊತ್ತಿಲ್ಲದವರು. ಅಂದಿನಿಂದ ಅತ್ತೆಯ ಬಾಯಲ್ಲಿ ಅವಳು 'ಮಫ್ಲರಿನವಳು'.

ಲಾರಿಸಾ ದೂರದ ಚಿಕ್ಕ ಊರುಗಳಿಗೆ ಹೋಗಿ, ಯಾರೂ ಕೇಳದವರನ್ನು ಮಾತಾಡಿಸಿ ಬರೆಯುತ್ತಿದ್ದಳು. ಅವಳು ಸೇರಿದ ಪತ್ರಿಕೆಗಳೆಲ್ಲ ಒಂದೊಂದಾಗಿ ಬಾಗಿಲು ಹಾಕಿದವು.

"ಎಂತ ಕಾಲ್ಗುಣ ಮಾರ್ರೆ ಅದು!" ಎಂದರು ಅತ್ತೆ.

"ಕಾಲ್ಗುಣ ಅಲ್ಲ, ಬರೆದದ್ದರ ಗುಣ," ಎಂದರು ಮಾವ.

ಕೊನೆಗೆ ಅವಳು ತನ್ನದೇ ಪುಟ್ಟ ಚಾನೆಲ್ ಮಾಡಿದಳು. ಪ್ರತಿ ಶುಕ್ರವಾರ ಮಧ್ಯಾಹ್ನ ಬರುತ್ತಿದ್ದಳು. ನಾವು ಮೀನಿನ ಗಸಿ ಉಂಡು ಕೈ ತೊಳೆದು ಬರುವಷ್ಟರಲ್ಲಿ ಅವಳ ಮುಖ ಪರದೆಯ ಮೇಲೆ. ಮಾವ ಸಾಲು ಸಾಲಾಗಿ ಅನುವಾದ ಮಾಡುತ್ತಿದ್ದರು. ಅತ್ತೆ ನಮಗೆ ಬೆನ್ನು ಹಾಕಿ ಪಾತ್ರೆ ತೊಳೆಯುತ್ತಾ, "ತೆಳ್ಳಗಾಗಿದ್ದಾಳೆ," "ಆ ಬಣ್ಣ ಅವಳಿಗೆ ಒಪ್ಪುದಿಲ್ಲ," ಎಂದು ಆಗಾಗ ಟೀಕೆ ಎಸೆಯುತ್ತಿದ್ದರು. ಬೆನ್ನು ಹಾಕಿದವರಿಗೆ ಬಣ್ಣ ಹೇಗೆ ಕಂಡಿತು? ನಾನು ಕೇಳುವ ಧೈರ್ಯ ಮಾಡಲಿಲ್ಲ.

ಆಮೇಲೊಂದು ಶುಕ್ರವಾರ ಅವಳು ಬರಲಿಲ್ಲ. ಮುಂದಿನ ವಾರವೂ ಇಲ್ಲ. ಪೊಲೀಸರು ಮನೆಗೆ ಬಂದಿದ್ದರು, ಕರೆದೊಯ್ದರು ಎಂದು ಯಾರೋ ಬರೆದರು. ನನ್ನ ಮಗಳು ಅದನ್ನು ಹುಡುಕಿ, "ಅಜ್ಜಾ, ದೇ ಆರ್ ಸೇಯಿಂಗ್ ಶೀ ಈಸ್ ಇನ್ ಜೈಲ್," ಎಂದಳು. "ಒಂದೇ ಮೂಲ," ಎಂದರು ಮಾವ. ಬ್ಯಾಚಿನ ಗಡ್ಡದವನಿಗೆ ಸಂದೇಶ ಕಳಿಸಿದರು. ಅವನಿಗೂ ಗೊತ್ತಿಲ್ಲ. ಮೀನಿನ ಸಂಪಾದಕನಿಗೆ ಬರೆದರು. ಉತ್ತರವಿಲ್ಲ. ಆ ಒಂದೇ ಮೂಲವನ್ನು ಗಟ್ಟಿಯಾಗಿ ಹಿಡಿದುಕೊಂಡು ಮಾವ ದಿನ ದೂಡತೊಡಗಿದರು. ಎರಡನೆಯದು ಸಿಗದಿರಲಿ ಎಂದು ಅವರು ಬಯಸಿದ್ದನ್ನು ನಾನು ಅದೇ ಮೊದಲು ಕಂಡದ್ದು.

ಮನೆ ಮಂಕಾಯಿತು. ಮಾವ ಲಿಫ್ಟ್ ಕೆಟ್ಟರೂ ಪ್ರಕಟಣೆ ಹೊರಡಿಸಲಿಲ್ಲ. ಒಂದು ಶುಕ್ರವಾರ ಸಾಂಬಾರು ಬಾಯಿಗಿಟ್ಟರೆ ಉಪ್ಪೇ ಇಲ್ಲ. ನಾನು ಮುಖ ಹಿಂಡಿದೆ. ಮಾವ ಮಾತ್ರ ತಲೆ ತಗ್ಗಿಸಿ ಪೂರ್ತಿ ಉಂಡು ಎದ್ದರು. ಅತ್ತೆ ನನ್ನನ್ನು ಅಡುಗೆಮನೆಗೆ ಕರೆದರು.

"ಬೇಕಂತಲೇ ಹಾಕ್ಲಿಲ್ಲ ಮಗಾ," ಎಂದರು. ಕಣ್ಣು ತುಂಬಿತ್ತು. "ಬೈಯ್ಲಿಕ್ಕಾದರೂ ಬಾಯಿ ಬಿಡ್ತಾರಾ ಅಂತ. ಆ ಹೆಂಗಸಿಗೆ ಎಂತಾದರೂ ಆದರೆ ಈ ಜನ ಮತ್ತೆ ಮಾತಾಡ್ಲಿಕ್ಕಿಲ್ಲ."

ಸಮಾಧಾನದ ಮಾತು ಹೇಳಲು ನನ್ನ ಬಳಿ ಒಂದು ಮೂಲವೂ ಇರಲಿಲ್ಲ.

ಈ ರಂಜಾನ್ ಕಳೆದ ಮೇಲಿನ ಒಂದು ಶುಕ್ರವಾರ. ಹೊರಗೆ ಧೂಳು ಎದ್ದು ಕಿಟಕಿಯೆಲ್ಲ ಹಳದಿಯಾಗಿತ್ತು. ನಾವು ಊಟಕ್ಕೆ ಕೂತಿದ್ದೆವು. ಮಗಳು ಮೊಬೈಲ್ ನೋಡುತ್ತಿದ್ದವಳು ಕುರ್ಚಿ ಬೀಳಿಸಿಕೊಂಡು ಎದ್ದಳು. "ಅಜ್ಜಾ! ಶೀ ಈಸ್ ಲೈವ್!"

ಲಾರಿಸಾ! ಕೂದಲು ಕತ್ತರಿಸಿಕೊಂಡಿದ್ದಾಳೆ, ಇನ್ನೂ ತೆಳ್ಳಗಾಗಿದ್ದಾಳೆ. ಗುರುತಿಲ್ಲದ ಕೋಣೆ, ಹಿಂದೆ ಬಾಯಿ ತೆರೆದ ಸೂಟ್‌ಕೇಸು. ನಗುತ್ತಿದ್ದಾಳೆ. ಮಾವ ಅನುವಾದ ಶುರುಮಾಡಿದರು. "ತಡವಾಯಿತು, ಕ್ಷಮಿಸಿ ಅಂತ ಹೇಳ್ತಿದ್ದಾಳೆ. ದಾರಿಯಲ್ಲಿ ಇದ್ದಳಂತೆ. ಈಗ ಗಡಿ ದಾಟಿ ಆಯ್ತಂತೆ. ಊರು ಹೊಸತು, ಕೆಲಸ ಹಳೆಯದೇ, ಶುರು ಮಾಡುವ ಅಂತ..." ಅಲ್ಲಿಗೆ ಅನುವಾದ ನಿಂತಿತು. ಮಾವ ಎಂಜಲು ಕೈಯಲ್ಲೇ ಕಣ್ಣು ಒರೆಸಿಕೊಂಡರು. ಗಸಿಯ ಖಾರ ಕಣ್ಣಿಗೆ ಹೋಗಿ ಅಳು ಇಮ್ಮಡಿಯಾಯಿತು!

"ಎರಡನೇ ಮೂಲ ಮಾವ?" ಎಂದೆ ನಾನು, ನನ್ನ ಅಳು ತಡೆಯಲು.

"ಸುಮ್ಮನೆ ಕೂತ್ಕೊ ಮಾರಾಯ!" ಎಂದರು ಮಾವ. ಅಷ್ಟು ದಿನಗಳ ನಂತರದ ಮೊದಲ ಬೈಗುಳ. ಕಿವಿಗೆ ಹಿತವಾಗಿತ್ತು.

ಅತ್ತೆ ಎಲ್ಲಿ? ಅಡುಗೆಮನೆಗೆ ಹೋಗಿ ಇಣುಕಿದೆ. ಮೊಬೈಲನ್ನು ಸ್ಪೀಕರಿನಲ್ಲಿಟ್ಟು ಊರಿನ ದೇವಸ್ಥಾನದ ಭಟ್ಟರ ಜೊತೆ ಪಿಸುದನಿಯಲ್ಲಿ ಮಾತಾಡುತ್ತಿದ್ದರು. ಯಾರಿಗೂ ಹೇಳದೆ ಹೂವಿನ ಪೂಜೆಯ ಹರಕೆ ಹೊತ್ತಿದ್ದರಂತೆ! ಅದೀಗ ತೀರಿಸಬೇಕು.

"ಯಾರ ಹೆಸರಲ್ಲಿ?" ಭಟ್ಟರು ಕೇಳಿದರು.

"ಲಾರಿಸಾ."

ಭಟ್ಟರು ಹೆಸರನ್ನು ಎರಡು ಸಲ ಹೇಳಿಸಿಕೊಂಡರು. "ಆಗ್ಲಿ. ನಕ್ಷತ್ರ?"

"ಅದು ಗೊತ್ತಿಲ್ಲ ಭಟ್ರೆ. ಹಿಮ ಬೀಳುವ ಊರಲ್ಲಿ ಹುಟ್ಟಿದವಳು."

"ಅಡ್ಡಿಲ್ಲ, ದೇವರಿಗೆ ಗೊತ್ತಿರ್ತದೆ. ಬರಿ ಯಾವುದು?"

ಬರಿ ಎಂದರೆ ನಮ್ಮ ತುಳುವರಲ್ಲಿ ತಾಯಿಯ ಕಡೆಯಿಂದ ಬರುವ ಗೋತ್ರ. ಒಂದೇ ಬರಿಯವರು ಒಡಹುಟ್ಟಿದವರ ಹಾಗೆ, ಅವರೊಳಗೆ ಮದುವೆಯ ಮಾತೇ ಇಲ್ಲ. ನನಗೆ ನಗು ಬಂತು. ಅತ್ತೆ ಈಗ ಮಾವನ ಬರಿಯನ್ನೇ ಹೇಳಿ, ಮಫ್ಲರಿನವಳನ್ನು ದೇವರ ಮುಂದೆ ಮಾವನಿಗೆ ತಂಗಿ ಮಾಡಿ, ಇಷ್ಟು ವರ್ಷದ ತಕರಾರನ್ನು ಒಂದೇ ಏಟಿಗೆ ಮುಗಿಸುತ್ತಾರೆ ಎಂದುಕೊಂಡೆ. ನಾನಾದರೂ ಅದನ್ನೇ ಮಾಡುತ್ತಿದ್ದೆ.

ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡರು.

"ನನ್ನದೇ ಬರಿ ಬರ್ಕೊಳ್ಳಿ ಭಟ್ರೆ," ಎಂದರು. "ನನ್ನ ಅಕ್ಕ ಅವಳು."