ಬೈರಪ್ಪನ ಫಾರಿನ್ ಗಿಡ

ರುಕ್ಮಿಣಮ್ಮನವರ ರೇಷ್ಮೆ ಸೀರೆ ತಂತಿಯಿಂದ ಹಾರಿ, ಪಕ್ಕದ ಮನೆ ಬೈರಪ್ಪನ ಕಾರೆ ಗಿಡದ ಮೇಲೆ ಬಿದ್ದಿತು. ಆಕೆ ಕಾಂಪೌಂಡಿನ ಆಚೆಯಿಂದ ಎಳೆದರು. ಗಿಡ ಬಿಡಲಿಲ್ಲ. ಇನ್ನೊಮ್ಮೆ ಜೋರಾಗಿ ಎಳೆದಾಗ ಪರ್ರೆಂದು ಸದ್ದಾಯಿತು.

"ಬೈರಪ್ಪಣ್ಣ! ಮನೆ ಮುಂದೆ ಯಾರಾದ್ರೂ ಮುಳ್ಳು ಬೆಳೆಸ್ತಾರಾ? ಇವತ್ತೇ ಕೀಳಿಸ್ತೀನಿ ನೋಡ್ತಿರಿ!"

ಅವತ್ತೇ ಪಂಚಾಯ್ತಿಯ ಜೇಸಿಬಿ ಸೂಲಿಬೆಲೆಯ ಆ ಬೀದಿಗೆ ಚರಂಡಿಯ ಹೂಳೆತ್ತಲು ಬಂದಿತ್ತು. ಆಕೆ ಡ್ರೈವರನ್ನು ಕೂಗಿಯೂ ಆಯಿತು.

ಬೈರಪ್ಪ ಓಡಿಬಂದು ಗಿಡಕ್ಕೆ ಅಡ್ಡ ನಿಂತ. ಪಿಲ್ಲಗುಂಪೆ ಫ್ಯಾಕ್ಟರಿಯಲ್ಲಿ ದುಡಿದು ನಿವೃತ್ತನಾದ ಆತ ಹುಟ್ಟಿದ್ದು ನಂದಗುಡಿಯ ಹತ್ತಿರದ ಹಳ್ಳಿಯಲ್ಲಿ. ಮೇಕೆ ಕಾಯುತ್ತಿದ್ದ ಗುಡ್ಡದ ತುಂಬ ಕಾರೆ ಗಿಡಗಳಿದ್ದವು. ಮೇಕೆಗಳು ಎಲೆ ತಿನ್ನುತ್ತಿದ್ದವು, ಅವನು ಹಣ್ಣು ತಿನ್ನುತ್ತಿದ್ದ. ಸಂಜೆ ಮನೆಗೆ ಹೋಗುವಾಗ ಇಬ್ಬರ ಹೊಟ್ಟೆಯೂ ಒಂದೇ ಥರ ಉಬ್ಬಿರುತ್ತಿತ್ತು. ಐದು ವರ್ಷದ ಹಿಂದೆ ಗುಡ್ಡವನ್ನು ಲೇಔಟಿಗೆಂದು ಸಮ ಮಾಡಿದರು. ಮಣ್ಣಿನ ಗುಡ್ಡೆಯಲ್ಲಿ ಬೇರು ಸಮೇತ ಬಿದ್ದಿದ್ದ ಒಂದು ಸಸಿಯನ್ನು ಟವೆಲ್ಲಿನಲ್ಲಿ ಸುತ್ತಿ, ಬಸ್ಸಿನಲ್ಲಿ ಮಗುವಿನಂತೆ ತೊಡೆಯ ಮೇಲಿಟ್ಟು ತಂದಿದ್ದ. ಈ ವರ್ಷ ಮೊದಲ ಸಲ ಹಣ್ಣು ಬಿಟ್ಟಿತ್ತು. ಹಕ್ಕಿ ಮುಟ್ಟದಂತೆ ಆ ಕೊಂಬೆಗೆ ಹಳೇ ಸೊಳ್ಳೆಪರದೆ ಕಟ್ಟಿದ್ದ. ಇನ್ನೊಂದು ದಿನ ಬಿಟ್ಟರೆ ಪೂರ್ತಿ ಹಳದಿ. ನಾಳೆ ಬೆಳಗ್ಗೆ ತಿನ್ನುವುದೆಂದು ತೀರ್ಮಾನಿಸಿದ್ದ.

ಜೇಸಿಬಿ ಗೇಟಿನ ಮುಂದೆ ಬಂದು ಕೈ ಎತ್ತಿತು. ಬೈರಪ್ಪ ಬಾಯಿಗೆ ಏನು ಬಂತೋ ಅದನ್ನೇ ಹೇಳಿದ.

"ಮುಟ್ಟಬೇಡಪ್ಪಾ! ಇದು ಫಾರಿನ್ ಗಿಡ! ಹೇಝಲ್‌ನಟ್!"

ಮೊಮ್ಮಗಳು ಬಿಂದುಶ್ರೀ ಬ್ರೆಡ್ಡಿಗೆ ಸವರುವ ಚಾಕೊಲೇಟ್ ಡಬ್ಬಿಯ ಮೇಲೆ ಓದಿದ್ದ ಹೆಸರು ಅದು.

ಎದುರುಮನೆ ಶ್ರೀಧರ್ ಸೈಟು ಮಾರಿಸುವವನು. ಕೂಡಲೇ ಫೋನಿನಲ್ಲಿ ಹುಡುಕಿ, "ಅಯ್ಯೋ ಅಣ್ಣ, ಇದು ಗೋಡಂಬಿಗಿಂತ ದುಬಾರಿ ಕಣಣ್ಣ!" ಎಂದ. ಜೇಸಿಬಿಯ ಕೈ ಇಳಿಯಿತು. ರುಕ್ಮಿಣಮ್ಮನವರ ದನಿಯೂ ಇಳಿಯಿತು.

"ಸೀರೆ ಹೋದ್ರೆ ಹೋಗ್ಲಿ ಬಿಡಿ ಅಣ್ಣ. ಒಂದು ರೆಂಬೆ ಕೊಡಿ, ನಮ್ಮನೇಲೂ ಹಾಕ್ತೀನಿ."

ಒಂದು ರೆಂಬೆ ಹೋಯಿತು. ಶ್ರೀಧರ್ ಮೂರು ಮುರಿದುಕೊಂಡ. ಹತ್ತು ಗಂಟೆಗೆ ಟೀ ಅಂಗಡಿ ಮಂಜೇಶ್ ಬಂದು, ಇದರ ಎಲೆ ಶುಗರಿಗೆ ಒಳ್ಳೇದಂತೆ ಎಂದು ಒಂದು ಕವರ್ ತುಂಬಿಕೊಂಡ. ಮಧ್ಯಾಹ್ನಕ್ಕೆ ಇಡೀ ಬೀದಿಗೆ ಶುಗರ್ ಬಂದಿತ್ತು. ಬೈರಪ್ಪ ಗಿಡದ ಪಕ್ಕ ಕುರ್ಚಿ ಹಾಕಿಕೊಂಡು, ಛತ್ರಿ ಹಿಡಿದು ಕಾವಲು ಕೂತ. ಉಳಿದಿದ್ದ ಗಿಡ ಕ್ಷೌರ ಅರ್ಧಕ್ಕೆ ಬಿಟ್ಟು ಎದ್ದವನ ತಲೆಯಂತಿತ್ತು. ಪರದೆ ಕಟ್ಟಿದ ಕೊಂಬೆ ಮಾತ್ರ ಅವನ ಮೊಣಕೈ ಕೆಳಗೆ ಭದ್ರವಾಗಿತ್ತು.

ಹೆಂಡತಿ ವರಲಕ್ಷ್ಮಮ್ಮ ಊಟದ ತಟ್ಟೆಯನ್ನು ಅಲ್ಲಿಗೇ ತಂದುಕೊಟ್ಟರು. "ಬೇವಿನ ಗಿಡ ಅಂದಿದ್ರೆ ಯಾರೂ ಬರ್ತಿರಲಿಲ್ಲ ಕಣ್ರೀ," ಎಂದರು.

ಸಂಜೆ ಶ್ರೀಧರ್ ಹಾರೆ ಹಿಡಿದು ಬಂದ. ಹಿಂದೆ ಏಳೆಂಟು ಜನ.

"ಅಣ್ಣ, ರೆಂಬೆ ನೆಟ್ರೆ ಚಿಗುರಲ್ವಂತೆ. ಬೇರು ಸಮೇತ ಬೇಕಂತೆ. ಬುಡ ಸೀಳಿ ಎಲ್ರೂ ಹಂಚ್ಕೊಳ್ಳೋಣ. ನಿಮಗೇ ದೊಡ್ಡ ಪಾಲು."

ಬೈರಪ್ಪನಿಗೆ ಇನ್ನು ತಡೆಯಲಾಗಲಿಲ್ಲ. ಛತ್ರಿ ಬಿಸಾಕಿ ಎದ್ದ.

"ಹೇಝಲ್ಲೂ ಇಲ್ಲ, ನಟ್ಟೂ ಇಲ್ಲ ಕಣ್ರಯ್ಯಾ! ಸುಳ್ಳು ಹೇಳ್ದೆ! ಇದು ಕಾರೆ ಗಿಡ! ನಾನು ಮೇಕೆ ಕಾಯ್ಕೊಂಡು ತಿಂದಿದ್ದ ಕಾರೆ ಹಣ್ಣು!" ಎಂದು ಪರದೆಯನ್ನು ಸರಕ್ಕನೆ ಕಿತ್ತು ತೋರಿಸಿದ.

ಬೈಗುಳಕ್ಕೆ ತಲೆ ಕೊಟ್ಟು ನಿಂತಿದ್ದ ಬೈರಪ್ಪನಿಗೆ ಕೇಳಿಸಿದ್ದು ರುಕ್ಮಿಣಮ್ಮನವರ ದನಿ. ಅಂಥ ಮೆತ್ತನೆಯ ದನಿಯನ್ನು ಅವನು ಹದಿನೈದು ವರ್ಷದಲ್ಲಿ ಕೇಳಿರಲಿಲ್ಲ.

"ಕಾರೆ ಹಣ್ಣಾ? ನಮ್ಮ ತಾತ ಹೊಲದಿಂದ ಬರ್ತಾ ಹೆಗಲ ಮೇಲಿನ ವಲ್ಲೀಲಿ ಕಟ್ಕೊಂಡು ಬರೋರು. ಹಣ್ಣು ತಿಂದಿದ್ದೆ, ಗಿಡ ನೋಡಿರಲಿಲ್ಲ ಅಣ್ಣ." ಆಕೆ ಗೇಟು ತೆರೆದು ಬಂದು ಒಂದು ಹಣ್ಣು ಕಿತ್ತು ಬಾಯಿಗಿಟ್ಟುಕೊಂಡು, ಕಣ್ಣು ಮುಚ್ಚಿದರು.

ಶ್ರೀಧರನ ಕೈಯಿಂದ ಹಾರೆ ಬಿತ್ತು. "ನಮ್ಮಜ್ಜಿ ರಾಗಿ ಮಡಿಕೇಲಿ ಹಣ್ಣಿಗಿಡೋಳು. ಕದ್ದು ತಿಂದು ಒದೆ ತಿಂದಿದ್ದೆ," ಎಂದು ಎರಡು ಕಿತ್ತ. ಮಂಜೇಶ್ ಕಿತ್ತ. ಅವನ ಹಿಂದಿದ್ದವರು ಕಿತ್ತರು. ಮುಳ್ಳು ಚುಚ್ಚಿದರೂ ನಗುತ್ತಿದ್ದರು. ಒಬ್ಬೊಬ್ಬರದು ಒಂದೊಂದು ಗುಡ್ಡ, ಒಂದೊಂದು ಕಥೆ. ಬೈರಪ್ಪನೂ ತನ್ನ ಮೇಕೆಗಳ ಕಥೆ ಶುರುಮಾಡಿದ. ಕೊಂಬು ಮುರಿದ ಹೋತ ತನ್ನನ್ನು ಪೊದೆಯೊಳಗೆ ಗುಮ್ಮಿ ಬೀಳಿಸಿದ್ದನ್ನು ಕೈ ತಿರುಗಿಸಿ ಹೇಳಿ ಮುಗಿಸುವಷ್ಟರಲ್ಲಿ ಕೊಂಬೆಯಲ್ಲಿ ಒಂದೇ ಹಣ್ಣು ಉಳಿದಿತ್ತು. ಅವನು ಕೈ ಚಾಚಿದ.

ಅಷ್ಟರಲ್ಲಿ ವರಲಕ್ಷ್ಮಮ್ಮ ಅದನ್ನು ಬಾಯಿಗೆ ಹಾಕಿಕೊಂಡಾಗಿತ್ತು.

"ನಾನೂ ಮೇಕೆ ಮೇಯಿಸಿದೋಳೇ ಕಣ್ರೀ. ಐದು ವರ್ಷದಿಂದ ನೀರು ಹಾಕಿದ್ದು ಯಾರು ಅಂದ್ಕೊಂಡಿದ್ರಿ?"

ಬೈರಪ್ಪ ಬರಿಗೈಯನ್ನು ಹಾಗೇ ಚಾಚಿಕೊಂಡು ನಿಂತಿದ್ದ. ರುಕ್ಮಿಣಮ್ಮನವರು ಬಾಯೊಳಗಿದ್ದ ಎರಡು ಬೀಜಗಳನ್ನು ತೆಗೆದು, ಸೆರಗಿನಲ್ಲಿ ಒರೆಸಿ, ಆ ಅಂಗೈ ಮೇಲಿಟ್ಟರು.

"ಇದನ್ನ ನಮ್ಮ ಬಾಗಿಲಿಗೆ ಹಾಕ್ಕೊಡಿ ಬೈರಪ್ಪಣ್ಣ. ಹಣ್ಣು ಬಿಟ್ಟಾಗ ನಿಮಗೂ ಒಂದು ಕೊಡ್ತೀನಿ."