ಕೋಸಿನ ಮೇಲೆ ಆಕಾಶಗಂಗೆ

"ಮಧ್ಯಾಹ್ನದ ಊಟದೊಳಗೆ ಮೂರೂ ಮಕ್ಕಳ ತಲೆಗೆ ಇಡೀ ಸೌರಮಂಡಲ ಇಳಿಸಿಬಿಡ್ತೀನಿ, ನೋಡ್ತಿರು" ಎಂದು ದೋಹುನ್ ಅತ್ತೆಮನೆಯ ಅಂಗಳದಲ್ಲಿ ನಿಂತು ಘೋಷಿಸಿದ.

ಹೆಂಡತಿ ಯಂಜೂ ಕೆಂಪು ರಬ್ಬರ್ ಕೈಗವಸು ಏರಿಸಿಕೊಳ್ಳುತ್ತ, "ಮಂಡಲ ಗಿಂಡಲ ಏನೂ ಬೇಡ ಕಣ್ರೀ. ಮಕ್ಕಳು ಕೋಸಿನ ಹತ್ರ ಬರದ ಹಾಗೆ ನೋಡ್ಕೊಳ್ಳಿ, ಸಾಕು" ಎಂದಳು.

ನವೆಂಬರಿನ ಕಡೆಯ ಶನಿವಾರ. ನಾಜು ಊರಿನ ಆ ಮನೆಯಲ್ಲಿ ಚಳಿಗಾಲಕ್ಕೆಲ್ಲ ಆಗುವಷ್ಟು ಕಿಮ್ಚಿ, ಅಂದರೆ ಕೋಸಿನ ಖಾರದ ಉಪ್ಪಿನಕಾಯಿ, ಹಾಕುವ ದಿನ. ಅತ್ತೆ ಒಕ್‌ಬುನ್ ಹಿಂದಿನ ದಿನವೇ ಕೋಸು ಸೀಳಿ ಉಪ್ಪಿನಲ್ಲಿ ನೆನೆಸಿ, ಬೆಳಗ್ಗೆ ತೊಳೆದು, ನೀರು ಬಸಿಯಲೆಂದು ಹಲಗೆಯ ಮೇಲೆ ಗುಡ್ಡೆ ಹಾಕಿದ್ದರು. ತರಗೆಲೆ ಬೀಳದಿರಲೆಂದು ಮೇಲೊಂದು ಕಪ್ಪು ಬಲೆ ಹೊದಿಸಿದ್ದರು. ಆ ದಿನ ಗಂಡಸರಿಗಿರುವ ಕೆಲಸ ಎರಡೇ: ಹೇಳಿದ್ದನ್ನು ಹೊರುವುದು, ಹೇಳದಿದ್ದಾಗ ಕಾಲಿಗೆ ಸಿಗದಿರುವುದು. ದೋಹುನ್‌ಗೆ ಇದು ಅವಮಾನವೆನಿಸುತ್ತಿತ್ತು. ಅವನು ಲಿಫ್ಟ್ ಮಾರುವ ಕಂಪನಿಯಲ್ಲಿದ್ದ. ಜನರನ್ನು ಮೇಲಕ್ಕೆ ಕಳಿಸುವುದೇ ಕಸುಬಾದವನಿಗೆ ಆಕಾಶವೇನು ಮಹಾ, ನಾಲ್ಕು ಮಹಡಿ ಹೆಚ್ಚು ಅಷ್ಟೆ.

ಹೆಂಗಸರು ಮಸಾಲೆ ಕಲೆಸಲು ಒಳಹೋದರು. ದೋಹುನ್ ಬೋರಲು ಹಾಕಿದ್ದ ಜಾಡಿಯ ಮೇಲೆ ಹಳದಿ ಕುಂಬಳಕಾಯಿ ಇಟ್ಟ. ಎದುರಿಗೆ ಅವನ ಐದು ವರ್ಷದ ಮಗಳು ಸೆಬಿನ್, ಯಂಜೂಳ ಅಕ್ಕನ ಅವಳಿ ಗಂಡುಮಕ್ಕಳು ಗಾರಮ್, ಬೋರಮ್.

"ಇವನು ಸೂರ್ಯ. ಕೂತಲ್ಲಿಂದ ಕದಲಲ್ಲ. ಮಿಕ್ಕವರೆಲ್ಲ ಇವನ ಸುತ್ತ ಸುತ್ತಬೇಕು."

"ಅಜ್ಜಿ ಥರಾನಾ?" ಎಂದ ಗಾರಮ್.

ದೋಹುನ್ ಅಡುಗೆಮನೆಯ ಕಡೆ ನೋಡಿ, ದನಿ ತಗ್ಗಿಸಿ, "ಹೂಂ, ಅಜ್ಜಿ ಥರಾನೇ" ಎಂದ.

ಬೋರಮ್‌ಗೆ ಮಂಗಳಗ್ರಹ ಸಿಕ್ಕಿತು. ಮಂಗಳ ಕೆಂಪಗಿರಬೇಕಲ್ಲ, ಮೂಲಂಗಿಯನ್ನು ಖಾರದಪುಡಿಯಲ್ಲಿ ಹೊರಳಿಸಿ ಕೈಗಿತ್ತ. ಮಂಗಳ ಅರ್ಧ ಸುತ್ತು ಹೋಗುವಷ್ಟರಲ್ಲಿ ಸೀನಿತು, ಇನ್ನರ್ಧದಲ್ಲಿ ಹಾದಿ ತಪ್ಪಿ ಗುರುಗ್ರಹಕ್ಕೆ ಡಿಕ್ಕಿ ಹೊಡೆಯಿತು. ಗುರುವಾಗಿದ್ದ ಗಾರಮ್ ಮಂಗಳನನ್ನು ಕಚ್ಚಿದ. ಮೂಗು, ಮುಖ ತೊಳೆಸಿ ಗ್ರಹಗಳನ್ನು ಸಮಾಧಾನ ಮಾಡುವಷ್ಟರಲ್ಲಿ ಸೆಬಿನ್ ಕೇಳಿದಳು, "ಅಪ್ಪಾ, ನಕ್ಷತ್ರ ಎಲ್ಲಿ?"

"ಹಗಲಲ್ಲೂ ಇರ್ತವೆ ಪುಟ್ಟಿ. ಕಾಣಲ್ಲ ಅಷ್ಟೆ."

"ಕಾಣಲ್ಲ ಅಂದ್ಮೇಲೆ ಇದಾವೆ ಅಂತ ನಿಂಗೆ ಹೇಗೆ ಗೊತ್ತು?"

ಅನುಮಾನ ಹೊತ್ತ ಗಿರಾಕಿಯನ್ನು ದೋಹುನ್ ಎಂದೂ ಬರಿಗೈಲಿ ಕಳಿಸಿದವನಲ್ಲ. ಸುತ್ತ ನೋಡಿದ. ಗೋಡೆಗೊರಗಿ ಕಲ್ಲುಪ್ಪಿನ ಮೂಟೆ ಇತ್ತು. ಕೋಸಿನ ಮೇಲೆ ಕಪ್ಪು ಬಲೆ ಇತ್ತು. ಒಂದು ಬೊಗಸೆ ಉಪ್ಪು ತೆಗೆದು ಬಲೆಯುದ್ದಕ್ಕೂ ಬೀಸಿ ಎರಚಿದ. ಎಳೆಬಿಸಿಲಿಗೆ ಹರಳು ಹರಳೂ ಹೊಳೆಯಿತು.

"ಇದೇ ಆಕಾಶಗಂಗೆ" ಎಂದ. ಎಷ್ಟು ಚೆನ್ನಾಗಿತ್ತೆಂದರೆ, ಅವನೂ ಕಣ್ಣರಳಿಸಿ ನೋಡಿದ.

ಆಮೇಲೆ ಮಕ್ಕಳನ್ನು ಹಿಡಿಯುವವರಿಲ್ಲ. ಆರು ಪುಟ್ಟ ಕೈಗಳೂ ನಕ್ಷತ್ರ ಹುಟ್ಟಿಸತೊಡಗಿದವು. ಎಷ್ಟು ಎರಚಿದರೂ ಆಕಾಶ ತುಂಬಲೊಲ್ಲದು.

"ಚಿಕ್ಕಪ್ಪಾ, ಹಾಕಿದ್ದೆಲ್ಲ ಎಲ್ಲಿ ಹೋಗ್ತಿದೆ?"

"ನಕ್ಷತ್ರಗಳೂ ಸಾಯ್ತವೆ ಕಣೋ" ಎಂದ ದೋಹುನ್ ಗಂಭೀರವಾಗಿ. "ಅದಕ್ಕೇ ಹೊಸದು ಹುಟ್ತಾ ಇರ್ಬೇಕು. ಹಾಕು, ಹಾಕು."

ಮೂಟೆ ಅರ್ಧವಾಗುವ ಹೊತ್ತಿಗೆ ಒಳಗಿನಿಂದ ಮಸಾಲೆಯ ಬೋಗುಣಿ ಹೊರಲು ಕರೆ ಬಂತು. ಅವನು ಹೊತ್ತು ತರುವಷ್ಟರಲ್ಲಿ ಹೆಂಗಸರು ಬಲೆ ಸರಿಸಿ ಕೋಸು ಎತ್ತಿಕೊಂಡಿದ್ದರು. ಒದ್ದೆ ಎಲೆಗಳ ನಡುವೆ ಇಳಿದಿದ್ದ ನಕ್ಷತ್ರಗಳು ಆಗಲೇ ಕರಗಿದ್ದವು.

ಮೊದಲ ಕೋಸಿಗೆ ಮಸಾಲೆ ತುಂಬಿದ ಅತ್ತೆ, ಒಂದು ಎಲೆ ಕಿತ್ತು, ಬೇಯಿಸಿದ ಹಂದಿಮಾಂಸ ಸುತ್ತಿ, ಮರ್ಯಾದೆಯಿಂದ ಅಳಿಯನ ಬಾಯಿಗಿಟ್ಟರು. "ಹೇಗಿದೆ ಅಳಿಯಂದ್ರೇ?"

ದೋಹುನ್‌ನ ಬಾಯಲ್ಲಿ ಸಮುದ್ರವೇ ಉಕ್ಕಿತು. ಬಲೆಗೆ ತೂತುಗಳಿರುತ್ತವೆ ಎಂಬುದು ಅವನಿಗೆ ಆಗ ಹೊಳೆಯಿತು.

"ಅದ್ಭುತ, ಅತ್ತೆ" ಎಂದು ನುಂಗಿ, ನಲ್ಲಿಗೆ ಬಾಯಿಟ್ಟ.

"ಅದ್ಭುತ ಆದ್ರೆ ಇಷ್ಟೊಂದು ನೀರು ಯಾಕ್ರೀ?" ಎಂದು ಯಂಜೂ ತಾನೂ ಒಂದು ಎಲೆ ಬಾಯಿಗಿಟ್ಟು, ತಕ್ಷಣ ಉಗುಳಿದಳು. ಅತ್ತೆ ರುಚಿ ನೋಡಿದರು. ಇನ್ನೊಂದು ಕೋಸಿನದ್ದೂ ನೋಡಿದರು. ಕೈಗವಸು ಕಳಚಿ ಮೆಟ್ಟಿಲ ಮೇಲೆ ಕೂತರು.

"ನನ್ನ ಕೈಗುಣ ಹೋಯ್ತು ಕಣೇ. ನಿನ್ನೆ ಉಪ್ಪು ಹಾಕಿದ್ದೇ ಮರೆತು ಮತ್ತೆ ಹಾಕಿದೀನೋ ಏನೋ. ಅಳಿಯಂದ್ರು ಪಾಪ, ಮುದುಕಿ ನೊಂದ್ಕೋತಾಳೆ ಅಂತ ನುಂಗಿಬಿಟ್ರು."

"ಹಾಗೇನಿಲ್ಲಮ್ಮ..." ಎಂದಳು ಯಂಜೂ.

"ಮುಂದಿನ ವರ್ಷದಿಂದ ಅಂಗಡಿ ಕಿಮ್ಚಿ ತಂದ್ಕೊಳ್ಳಿ. ನನ್ನ ನಂಬ್ಕೋಬೇಡಿ."

ಬಾಯಿ ಬಿಗಿಹಿಡಿದಿದ್ದರೆ ದೋಹುನ್ ಬಚಾವಾಗುತ್ತಿದ್ದ. ಒಳ್ಳೆಯ ಅಳಿಯನೆಂಬ ಬಿರುದು ಬೇರೆ. ಆದರೆ ಮಡಿಲಲ್ಲಿ ಬಿದ್ದಿದ್ದ ಆ ಒದ್ದೆ, ಸುಕ್ಕು ಕೈಗಳನ್ನು ನೋಡಿದ. ಉಪ್ಪಿಗಿಂತ ಇದನ್ನು ನುಂಗುವುದು ಕಷ್ಟವಾಯಿತು.

"ಅತ್ತೆ, ಅದು ನಿಮ್ಮ ಕೈ ಅಲ್ಲ. ಆಕಾಶಗಂಗೆ."

"ಏನಂದ್ರಿ?"

ಅವನು ಬಿಡಿಸಿ ಹೇಳುವ ಮೊದಲೇ ಮಕ್ಕಳು ಉಪ್ಪಿನ ಮೂಟೆಗೆ ಓಡಿ ಮಾಡಿ ತೋರಿಸಿದರು. ಅತ್ತೆ ಮೂಟೆ ನೋಡಿದರು, ಬಲೆ ನೋಡಿದರು, ಅಳಿಯನನ್ನು ನೋಡಿದರು. ಮುಖದ ಸುಕ್ಕುಗಳು ಒಂದೊಂದಾಗಿ ಸಡಿಲಾದವು. ಆಮೇಲೆ ಹುಬ್ಬು ಬಿಗಿಯಿತು. ಎದ್ದು ಕೈಗವಸು ಏರಿಸಿಕೊಂಡರು. ಇನ್ನೊಂದು ಜೊತೆ ಅಳಿಯನ ಎದೆಗೆ ಎಸೆದರು.

"ಉಪ್ಪು ತಿಂದೋನು ನೀರು ಕುಡೀಬೇಕು ಅಂತಾರೆ" ಎಂದಳು ಯಂಜೂ. "ತಿನ್ನಿಸಿದೋನು ಏನ್ಮಾಡ್ಬೇಕಮ್ಮಾ?"

"ತೊಳೀಬೇಕು" ಎಂದರು ಅತ್ತೆ.

ಹಿಮದಂಥ ನಲ್ಲಿನೀರಿನಲ್ಲಿ ದೋಹುನ್ ಎಲೆ ಎಲೆ ಬಿಡಿಸಿ ತೊಳೆಯುತ್ತ ಕುಕ್ಕರಗಾಲಲ್ಲಿ ಕೂತ. ಮಕ್ಕಳು ಊಟ ಮುಗಿಸಿ ಬಂದರೂ ಗುಡ್ಡೆ ಕರಗಿರಲಿಲ್ಲ. ಅತ್ತೆ ಬಂದು ಹಿಂದೆ ನಿಂತರು.

"ಅಲ್ಲ ಅಳಿಯಂದ್ರೇ, ಆ ನಿಮ್ಮ ಆಕಾಶಗಂಗೇಲಿ ಎಷ್ಟು ನಕ್ಷತ್ರ ಇರಬಹುದು?"

ಅತ್ತೆಗೆ ಕೊನೆಗೂ ವಿಜ್ಞಾನದಲ್ಲಿ ಆಸಕ್ತಿ ಹುಟ್ಟಿತೆಂದು ದೋಹುನ್‌ಗೆ ಜೀವ ಬಂತು. ಬೆನ್ನು ನೆಟ್ಟಗೆ ಮಾಡಿ, "ಎಣಿಸಿ ಮುಗಿಸೋಕೇ ಆಗಲ್ಲ ಅತ್ತೆ" ಎಂದ.

"ಒಳ್ಳೇದು. ತೊಳೀತಾ ಇರಿ."